ತೊಡೆಸಂದಿಯ ಗಂಟು ಹರ್ನಿಯಾನೇ ಅಂತ ಆಪರೇಷನ್‌ಗೆ ಮುಂಚೆ ಹೇಗೆ ಖಚಿತ ಮಾಡಿಕೊಳ್ಳೋದು?

ಪ್ರಶ್ನೆ (ಮುಧೋಳ): ಅಪ್ಪನಿಗೆ ತೊಡೆಸಂದಿಯಲ್ಲಿ ಗಂಟು ಎದ್ದಿದೆ. ಹರ್ನಿಯಾ (ಹೊಟ್ಟೆಯ ಗೋಡೆಯ ಸಡಿಲ ಜಾಗದಿಂದ ಕರುಳು ಹೊರಗೆ ಉಬ್ಬುವುದು), ತುರ್ತಾಗಿ ಆಪರೇಷನ್ ಆಗಬೇಕು ಅಂದಿದ್ದಾರೆ. ಸ್ಕ್ಯಾನಿಂಗ್ ಆಗಿಲ್ಲ. ಅನುಭವ ಇದ್ದವರು ಹೇಳ್ರಿ.

ಜಮಖಂಡಿಯಿಂದ: ಅಣ್ಣಾರ, ಮಲಗಿದಾಗ ಗಂಟು ಒಳಗೆ ಹೋಗುತ್ತದಾ? ಹೋಗುತ್ತಿದ್ದು, ನೋವೂ ಇಲ್ಲದಿದ್ದರೆ ಇನ್ನೊಬ್ಬ ಸರ್ಜನ್‌ಗೆ ತೋರಿಸುವಷ್ಟು ಸಮಯ ಇರುತ್ತದೆ. ಆದರೆ ಗಂಟು ಗಟ್ಟಿಯಾಗಿದೆ, ಮುಟ್ಟಗೊಡುವುದಿಲ್ಲ, ವಾಂತಿ ಇದೆ, ಹೊಟ್ಟೆ ಉಬ್ಬಿದೆ, ಗಾಳಿಯೂ ಸರಿಯುತ್ತಿಲ್ಲ ಅಂದರೆ ಇದನ್ನು ಓದುತ್ತಾ ಕೂರಬೇಡಿ, ಈಗಲೇ ಹೊರಡಿ. ಸಿಕ್ಕಿಕೊಂಡ ಕರುಳಿಗೆ ರಕ್ತ ನಿಂತರೆ ಅದು ಕೊಳೆಯಲು ಕೆಲವೇ ತಾಸು ಸಾಕು. ಏನೂ ತಿನ್ನಿಸಬೇಡಿ. ಮನೆಯಲ್ಲಿ ಒತ್ತಿ ಒಳಗೆ ತಳ್ಳುವ ಸಾಹಸವಂತೂ ಬೇಡವೇ ಬೇಡ.

ನಮ್ಮ ಅವ್ವನಿಗೆ ವಾಂತಿ ಶುರುವಾದಾಗ ಗ್ಯಾಸ್ ಅಂತ ಸಲೈನ್ ಹಚ್ಚಿದರು. ಸೊಂಟದ ಕೆಳಗೆ ಯಾರೂ ನೋಡಲಿಲ್ಲ, ಅವ್ವನೂ ನಾಚಿಕೆಗೆ ಬಾಯಿ ಬಿಡಲಿಲ್ಲ. ಕಡೆಗೆ ಬೆಳಗಾವಿಯಲ್ಲಿ ಒಬ್ಬ ಹಿರಿಯ ಸರ್ಜನ್ ಬಂದವರೇ ಸೀರೆ ಸಡಿಲಿಸಲು ಹೇಳಿ ಎರಡೂ ತೊಡೆಸಂದಿ ಮುಟ್ಟಿ ನೋಡಿದರು. ಬಲಗಡೆ ಅಡಿಕೆಯಷ್ಟು ಗಂಟು! ಫೆಮೊರಲ್ ಹರ್ನಿಯಾ ಅಂತೆ, ಅಂದರೆ ತೊಡೆಯ ಮೇಲ್ತುದಿಯಲ್ಲಿ ಏಳುವ ಹರ್ನಿಯಾ. ಇದು ವಯಸ್ಸಾದ ಹೆಂಗಸರಲ್ಲಿ ಜಾಸ್ತಿ, ಚಿಕ್ಕದಿದ್ದರೂ ಬೇಗ ಸಿಕ್ಕಿಕೊಳ್ಳುತ್ತದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಕರುಳು ಎಲ್ಲಿ ಸಿಕ್ಕಿದೆ ಅಂತ ಸ್ಪಷ್ಟ ಕಂಡಿತು, ಅದೇ ರಾತ್ರಿ ಆಪರೇಷನ್ ಆಯ್ತು. ವಯಸ್ಸಾದವರಿಗೆ ವಾಂತಿ, ಹೊಟ್ಟೆನೋವು ಅಂದರೆ ತೊಡೆಸಂದಿ ನೋಡ್ರಿ ಅಂತ ನೀವೇ ಬಾಯಿ ಬಿಟ್ಟು ಕೇಳಿ.

ರಬಕವಿಯಿಂದ: ನಮ್ಮ ಮಾವನಿಗೂ ಹರ್ನಿಯಾ ಅಂದೇ ಬರೆದುಕೊಟ್ಟಿದ್ದರು. ಇನ್ನೊಬ್ಬರು ನಿಲ್ಲಿಸಿ, ಕೆಮ್ಮಿಸಿ ನೋಡಿದರು. ಕೆಮ್ಮಿದರೂ ಗಂಟು ಉಬ್ಬಲಿಲ್ಲ. ಆಮೇಲೆ ಪಾದ ನೋಡಿದರೆ ಕಬ್ಬಿನ ಕೂಳೆ ಚುಚ್ಚಿದ ಗಾಯ, ಒಳಗೆ ಕೀವು. ಅದರಿಂದ ತೊಡೆಸಂದಿಯ ಗ್ರಂಥಿ ಊದಿತ್ತು ಅಷ್ಟೇ. ಸೋನೋಗ್ರಾಫಿಯಲ್ಲೂ ಅದೇ ಬಂತು, ಮಾತ್ರೆಯಲ್ಲೇ ಇಳಿಯಿತು. ಅಂದಹಾಗೆ ಸ್ಕ್ಯಾನಿಂಗ್ ಮಾಡುವಾಗಲೂ ಕೆಮ್ಮಿಸಬೇಕು. ಸುಮ್ನೆ ಮಲಗಿಸಿ ನೋಡಿದರೆ ಸಣ್ಣ ಹರ್ನಿಯಾ ಒಳಗೆ ಸರಿದು ಕಾಣದೇ ಇರಬಹುದು.

ವಿಜಯಪುರದಿಂದ, ಸ್ಟಾಫ್ ನರ್ಸ್: ಮೇಲಿನವರು ಹೇಳಿದ್ದು ಸರಿ. ಒಂದು ಮಾತ್ರ ಸೇರಿಸುತ್ತೇನೆ. ಹುಡುಗರಿಗೆ ಇದ್ದಕ್ಕಿದ್ದಂತೆ ವೃಷಣ ನೋವು ಬಂದರೆ ಹರ್ನಿಯಾನೋ ಹೈಡ್ರೋಸಿಲೋ (ವೃಷಣದ ಸುತ್ತ ನೀರು ತುಂಬುವುದು) ಅಂತ ಮನೆಯಲ್ಲಿ ಲೆಕ್ಕ ಹಾಕಬೇಡಿ. ವೃಷಣ ತಿರುಚಿಕೊಂಡಿದ್ದರೆ ಸುಮಾರು 6 ತಾಸಿನೊಳಗೆ ಬಿಡಿಸಬೇಕು, ಸ್ಕ್ಯಾನಿಂಗ್‌ಗೆ ಸರದಿ ಕಾಯುತ್ತಾ ಕೂರುವ ಕೇಸಲ್ಲ ಅದು. ಇನ್ನು ನಿಮ್ಮ ಅಪ್ಪನವರು ರಕ್ತ ತೆಳುವಾಗುವ ಮಾತ್ರೆ ತಗೋತಿದ್ದರೆ ಆ ಚೀಟಿ ಜೊತೆಗೇ ಒಯ್ಯಿರಿ.