ಸಹಾಯ ಬೇಕು: ಪ್ಯಾರಿಸ್‌ನ ಒಂದು ವಾರದ ದಿನಚರಿ

ಎಲ್ಲರಿಗೂ ನಮಸ್ಕಾರ. ನಾವು ಐವರು ಗೆಳತಿಯರು ಮುಂದಿನ ತಿಂಗಳು ಪ್ಯಾರಿಸ್ ನೋಡಲು ಹೊರಟಿದ್ದು, ಶನಿವಾರ ತಲುಪಿ ಮರುಶನಿವಾರ ಹಿಂದಿರುಗುತ್ತೇವೆ. ವರ್ಸೇಲ್ಸ್ ಅರಮನೆಗೂ ಓರ್ಸೆ ವಸ್ತುಸಂಗ್ರಹಾಲಯಕ್ಕೂ ಸೋಮವಾರ ರಜೆ, ಲೂವ್ರ್‌ಗೆ ಮಂಗಳವಾರ ರಜೆ ಇರುವುದರಿಂದ, ದಿನಗಳನ್ನು ಪೆನ್ಸಿಲ್ಲಿನಲ್ಲಿ ಬರೆದು ಅಳಿಸಿ, ಮತ್ತೆ ಬರೆದು ನನ್ನ ಹಾಳೆ ತೂತಾಗುವ ಹಂತಕ್ಕೆ ಬಂದಿದೆ. ಮಂಗಳವಾರ ವರ್ಸೇಲ್ಸ್‌ಗೆ ಹೋಗೋಣವೆಂದರೆ, ಎಲ್ಲರ ಲೆಕ್ಕವೂ ಅದೇ ಆಗಿ ಅಂದು ಅಲ್ಲಿ ನೂಕುನುಗ್ಗಲು ಹೆಚ್ಚಿರುತ್ತದೆ. ಆದ್ದರಿಂದ ಗುರುವಾರವೇ ವಾಸಿ ಎಂಬುದು ನನ್ನ ಅನಿಸಿಕೆ.

ಇನ್ನೊಂದು ಪೇಚು: ಒಬ್ಬಳಿಗೆ ಐಫೆಲ್ ಗೋಪುರದ ಎರಡನೆಯ ಅಂತಸ್ತಿನವರೆಗೆ 674 ಮೆಟ್ಟಿಲುಗಳನ್ನು ಹತ್ತಿಯೇ ಹೋಗುವ ಹಟ, ಇನ್ನೊಬ್ಬಳಿಗೆ ಮೊಣಕಾಲು ನೋವು. ಇಂಥ ಗುಂಪು ಅಲ್ಲಿ ಎರಡಾಗಿ ಹೋಗಿ ಮೇಲೆ ಸುಲಭವಾಗಿ ಸೇರಬಹುದೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.