ಗರಿಯಂಥ ಪಾಚಿ, ಟರ್ಬೊ ಬಸವನಹುಳು ಮುಟ್ಟುತ್ತಿಲ್ಲ. ಫ್ಲುಕೊನಜೋಲ್ (ಶಿಲೀಂಧ್ರನಾಶಕ ಔಷಧಿ) ಹಾಕಬಹುದೇ?

ಪ್ರಶ್ನೆ
200 ಲೀಟರಿನ ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ). ಬಂಡೆಗಳ ಮೇಲೆ ಕಡುಹಸಿರು ಪಾಚಿ ಹಬ್ಬುತ್ತಿದೆ, ಕಿತ್ತ ಜಾಗದಲ್ಲೇ ಮತ್ತೆ ಚಿಗುರುತ್ತದೆ. ಬಸವನಹುಳುಗಳು ಪಕ್ಕದಲ್ಲೇ ಹಾದುಹೋದರೂ ಬಾಯಿ ಹಾಕುವುದಿಲ್ಲ. ನೀರು ಪರೀಕ್ಷೆಯ ಕಿಟ್‌ನಲ್ಲಿ ನೈಟ್ರೇಟ್ ಸೊನ್ನೆ, ಫಾಸ್ಫೇಟ್ 0.02 ಪಿಪಿಎಂ. ಹಾಗಾದರೆ ಇದು ಏನು ತಿಂದು ಬೆಳೆಯುತ್ತಿದೆ?

ಉತ್ತರ 1
ಕಿಟ್ ತೋರಿಸುವುದು ಪಾಚಿ ಹೀರಿಕೊಂಡು ಮಿಕ್ಕಿದ್ದನ್ನು ಮಾತ್ರ. ಮೀನಿನ ಆಹಾರದಿಂದ ಪೋಷಕಾಂಶ ದಿನವೂ ಬರುತ್ತದೆ, ಹಳೆಯ ಬಂಡೆಗಳೂ ಹಿಡಿದಿಟ್ಟ ಫಾಸ್ಫೇಟನ್ನು ನಿಧಾನವಾಗಿ ಬಿಡುತ್ತವೆ. ಆರ್‌ಓ-ಡಿಐ (ಶುದ್ಧೀಕರಿಸಿದ) ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಾಂಶ, ಸೊನ್ನೆ ಇದೆಯೇ ಅಂತಲೂ ನೋಡಿ.

ಔಷಧಿಗೆ ಮೊದಲು ಪಾಚಿ ಯಾವುದೆಂದು ಖಚಿತ ಮಾಡಿಕೊಳ್ಳಿ. ಒಂದು ಎಳೆಯನ್ನು ಬಿಳಿ ತಟ್ಟೆಯ ನೀರಿನಲ್ಲಿ ಬಿಡಿಸಿ ಭೂತಗನ್ನಡಿಯಲ್ಲಿ ನೋಡಿ. ನಡುವೆ ದಂಟು, ಎರಡೂ ಬದಿಗೆ ಸಣ್ಣ ಕವಲು ಇದ್ದರೆ ಬ್ರಯೋಪ್ಸಿಸ್ ಎಂಬ ಗರಿಪಾಚಿ. ಬರೀ ಸಿಕ್ಕುಗಟ್ಟಿದ ಎಳೆಗಳಾದರೆ ಹೇರ್ ಆಲ್ಗೆ (ಕೂದಲಿನಂಥ ಪಾಚಿ). ಅದಕ್ಕೆ ಕೈಯಿಂದ ಕೀಳುವುದು, ಬಸವನಹುಳು, ಪೋಷಕಾಂಶದ ಹಿಡಿತ ಇಷ್ಟೇ ಬಹುತೇಕ ಸಾಕು.

ಉತ್ತರ 2
ಬ್ರಯೋಪ್ಸಿಸ್ ಆದರೆ ಫ್ಲುಕೊನಜೋಲ್ ಲೀಟರಿಗೆ ಸುಮಾರು 5 ಮಿಗ್ರಾಂ. ಬಂಡೆ, ಮರಳು ಕಳೆದು ನಿಜವಾದ ನೀರಿನ ಲೆಕ್ಕ ಹಿಡಿಯಿರಿ. 160 ಲೀಟರ್ ಎಂದಿಟ್ಟುಕೊಂಡರೆ 800 ಮಿಗ್ರಾಂ, ಅಂದರೆ 200 ಮಿಗ್ರಾಂನ 4 ಕ್ಯಾಪ್ಸೂಲ್.

ಹಿಂದಿನ ದಿನ ಕೈಗೆ ಸಿಕ್ಕಷ್ಟು ಪಾಚಿ ತೆಗೆಯಿರಿ. ಬಂಡೆಯನ್ನು ಹೊರಗೆ, ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿನಲ್ಲಿ ಇಟ್ಟು ಕೀಳಿ. ಒಳಗೇ ಕಿತ್ತರೆ ತುಂಡುಗಳು ತೇಲಿಹೋಗಿ ಬೇರೆ ಕಡೆ ಬೇರೂರುತ್ತವೆ. ಆಮೇಲೆ ಫಿಲ್ಟರಿನ ಕಾರ್ಬನ್ (ಇದ್ದಿಲು) ತೆಗೆಯಿರಿ, ಕ್ಯಾಪ್ಸೂಲಿನ ಪುಡಿಯನ್ನು ಒಂದು ಜಗ್ ಟ್ಯಾಂಕ್ ನೀರಿನಲ್ಲಿ ಕಲಕಿ ಸಂಪ್‌ಗೆ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿಗೆ) ಸುರಿಯಿರಿ. 14 ದಿನ ನೀರು ಬದಲಿಸಬೇಡಿ. ಮೊದಲ ವಾರ ಏನೂ ಕಾಣದಿರಬಹುದು, ಆತುರಕ್ಕೆ ಎರಡನೇ ಡೋಸ್ ಹಾಕಬೇಡಿ. ಕೊನೆಗೆ ಶೇ. 25 ನೀರು ಬದಲಿಸಿ ಕಾರ್ಬನ್ ವಾಪಸ್ ಹಾಕಿ.

ಪ್ರಶ್ನೆ ಕೇಳಿದವರು
ದಂಟು, ಕವಲು ಸ್ಪಷ್ಟವಾಗಿದೆ, ಬ್ರಯೋಪ್ಸಿಸ್ಸೇ. ಯುವಿ ದೀಪ, ಸ್ಕಿಮ್ಮರ್ (ನೊರೆಯ ಮೂಲಕ ಕೊಳೆ ತೆಗೆಯುವ ಯಂತ್ರ) ಎರಡೂ ಓಡುತ್ತಿವೆ. ನಿಲ್ಲಿಸಲೇ?

ಉತ್ತರ 2
ಯುವಿ ಆಫ್. ಸ್ಕಿಮ್ಮರ್ ಓಡಲಿ, ನೊರೆ ಉಕ್ಕಿದರೆ ಕಪ್ ಮಾತ್ರ ತೆಗೆದಿಡಿ, ಗಾಳಿಯಾದರೂ ಸಿಗುತ್ತದೆ.

ಉತ್ತರ 3
ಆ ಗಾಳಿ ಚಿಕ್ಕ ವಿಷಯವಲ್ಲ. ಕ್ಯಾಪ್ಸೂಲಿನಲ್ಲಿ ಹಲವು ಸಲ ಲ್ಯಾಕ್ಟೋಸ್ ಬೆರೆತಿರುತ್ತದೆ, ಅದನ್ನು ತಿಂದು ಬ್ಯಾಕ್ಟೀರಿಯಾ ಹೆಚ್ಚಿ ನೀರು ಮಸುಕಾಗಬಹುದು. ಜೊತೆಗೆ ಪಾಚಿ ಕೊಳೆಯುವಾಗಲೂ ಆಮ್ಲಜನಕ ಖರ್ಚು. ರಾತ್ರಿ ಮೀನುಗಳು ಮೇಲೆ ಬಂದು ಬಾಯಿ ಆಡಿಸಿದರೆ ತಕ್ಷಣ ಏರ್ ಸ್ಟೋನ್ ಹಾಕಿ. ಬಿಳಿಚಿಕೊಂಡ ಎಳೆಗಳನ್ನು ಆಗಾಗ ಸೈಫನ್ ಮಾಡಿ, ಎಳೆದ ನೀರನ್ನು ಫಿಲ್ಟರ್ ಸಾಕ್ಸಿನಲ್ಲಿ ಸೋಸಿ ವಾಪಸ್ ಬಿಡಿ, ಔಷಧಿ ಹೋಗದು.

ಸತ್ತ ಪಾಚಿ ಬಿಟ್ಟ ಪೋಷಕಾಂಶದಿಂದ ಫಾಸ್ಫೇಟ್ ಏರಿತೆಂದು ಗಾಬರಿಯಾಗಿ ಒಂದೇ ಸಲಕ್ಕೆ ಜಿಎಫ್‌ಓ (ಫಾಸ್ಫೇಟ್ ಹೀರುವ ಕಬ್ಬಿಣದ ಹರಳು) ತುಂಬಬೇಡಿ. ಪೋಷಕಾಂಶ ಸೊನ್ನೆಗಿಳಿದ ಟ್ಯಾಂಕಿನಲ್ಲಿ ಡೈನೋ (ಡೈನೋಫ್ಲಾಜೆಲೇಟ್ ಎಂಬ ಕಂದು ಲೋಳೆ) ಬಂದರೆ ಬ್ರಯೋಪ್ಸಿಸ್ಸೇ ವಾಸಿಯಿತ್ತು ಅನ್ನಿಸುತ್ತದೆ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05 ಪಿಪಿಎಂ ಸುತ್ತಮುತ್ತ ಇರಲಿ.