27ಕ್ಕೇ ನೆತ್ತಿ ಕಾಣ್ತಿದೆ, ಮಾತ್ರೆ ಶುರು ಮಾಡ್ಲಾ ಇಲ್ಲ ಸೀದಾ ಟ್ರಾನ್ಸ್‌ಪ್ಲಾಂಟ್ ಮಾಡಿಸ್ಲಾ?

ದಾವಣಗೆರೆ_ಹುಡ್ಗ

ಎಲ್ರಿಗೂ ನಮಸ್ಕಾರ. ನಂಗೆ 27, ಊರು ದಾವಣಗೆರೆ ಹತ್ರ, ಕೆಲಸ ಬೆಂಗಳೂರಲ್ಲಿ, ಪಿಜಿಲಿ ಇದೀನಿ. ಕಾಲೇಜು ಮುಗಿದಾಗಿಂದ ಹಣೆ ಎರಡೂ ಪಕ್ಕ ನಿಧಾನಕ್ಕೆ ಮೇಲಕ್ಕೆ ಹೋಗ್ತಾನೇ ಇತ್ತು, ಈಗ ನೆತ್ತಿನೂ ತೆಳ್ಳಗಾಗಿದೆ, ಲಿಫ್ಟ್‌ನಲ್ಲಿ ಮೇಲಿಂದ ಲೈಟ್ ಬಿದ್ರೆ ಬುರುಡೆ ಚರ್ಮ ಕಾಣತ್ತೆ. ಇತ್ತೀಚೆಗಂತೂ ತಲೆಗೆ ಸ್ನಾನ ಮಾಡಿದ್ರೆ ಬಾತ್‌ರೂಮ್ ಜಾಲರಿ ಕಟ್ಕೊಳ್ಳೋಷ್ಟು ಉದುರ್ತಿದೆ, ಬಾಚಣಿಗೆ ಮುಟ್ಟೋಕೇ ಭಯ ಆಗತ್ತೆ. ಅಪ್ಪಂಗೆ 35ಕ್ಕೆಲ್ಲ ಬೋಳಾಗಿತ್ತು, ಆದ್ರೆ ಅಮ್ಮನ ಕಡೆ ತಾತಂಗೆ ಕೊನೇವರ್ಗೂ ತಲೆ ತುಂಬ ಕೂದಲು, ಕೂದಲು ಅಮ್ಮನ ಕಡೆಯಿಂದ ಬರೋದು ನಿಂಗೇನೂ ಆಗಲ್ಲ ಅಂತ ಎಲ್ರೂ ಹೇಳ್ತಿದ್ರು.

ಅಮ್ಮ ಇದೆಲ್ಲ ಬೆಂಗಳೂರು ಬೋರ್‌ವೆಲ್ ನೀರಿಂದಾನೇ ಅಂತಾರೆ, ಹರಳೆಣ್ಣೆಗೆ ದಾಸವಾಳದ ಎಲೆ, ಮೆಂತ್ಯ ಹಾಕಿ ಕಾಯಿಸಿ ಬಾಟಲಿ ಕಳಿಸ್ತಾರೆ. ಅತ್ತಿಗೆ ಹುಣಸೂರು ಹತ್ರದ ಹಕ್ಕಿಪಿಕ್ಕಿಯವರ ಎಣ್ಣೆ ತರಿಸಿಕೊಟ್ರು. ಆಫೀಸಲ್ಲಿ ಒಬ್ಬ ಬಯೋಟಿನ್ ತಗೋ ಅಂದ. ಹೋದ ತಿಂಗಳು ಒಂದು ಹೇರ್ ಕ್ಲಿನಿಕ್‌ಗೆ ಹೋದೆ, ಅಲ್ಲಿ ಡಾಕ್ಟರ್ ಮುಖಾನೇ ನೋಡ್ಲಿಲ್ಲ, ಕೌನ್ಸೆಲರ್ ಅಂತ ಒಬ್ರು ಬಂದು ತಲೆ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು ನಿಮಗೆ 2500 ಗ್ರಾಫ್ಟ್ (ಬೇರು ಸಮೇತ ಕಿತ್ತು ನಾಟೋ ಕೂದಲಿನ ಸಣ್ಣ ಗೊಂಚಲು) ಬೇಕು, ಜೊತೆಗೆ ಪಿಆರ್‌ಪಿ (ನಮ್ಮ ರಕ್ತದಿಂದಾನೇ ಮಾಡಿ ತಲೆಗೆ ಕೊಡೋ ಇಂಜೆಕ್ಷನ್) ಪ್ಯಾಕೇಜ್, ಇವತ್ತೇ ಅಡ್ವಾನ್ಸ್ ಕಟ್ಟಿದ್ರೆ ಡಿಸ್ಕೌಂಟ್, ಇಎಂಐ ಕೂಡ ಇದೆ ಅಂದ್ರು. ಕೈ ನಡುಗ್ತಿತ್ತು, ಯೋಚನೆ ಮಾಡಿ ಹೇಳ್ತೀನಿ ಅಂತ ಎದ್ದು ಬಂದೆ.

ಮನೇಲಿ ಹೆಣ್ಣು ನೋಡ್ತಿದಾರೆ. ಒಂದು ಸಂಬಂಧ ಜಾತಕ ಎಲ್ಲ ಕೂಡಿ ಬಂದಿತ್ತು, ಫೋಟೋ ನೋಡಿ ಹುಡ್ಗನಿಗೆ ಕೂದಲಿಲ್ಲ ಅಂತ ಬೇಡ ಅಂದ್ರಂತೆ, ಅದನ್ನ ಅಮ್ಮ ಫೋನಲ್ಲಿ ಹೇಳಿದ್ಮೇಲೆ ನಿದ್ದೆ ಸರಿಯಾಗಿ ಬರ್ತಿಲ್ಲ. ಫಿನಾಸ್ಟರೈಡ್ ಅಂತ ಮಾತ್ರೆ ಇದೆ ಅದು ತಗೊಂಡ್ರೆ ಗಂಡಸ್ತನಕ್ಕೆ ತೊಂದ್ರೆ ಅಂತ ಯೂಟ್ಯೂಬಲ್ಲಿ ಹೆದರಿಸ್ತಾರೆ, ಮಿನಾಕ್ಸಿಡಿಲ್ ಒಂದ್ಸಲ ಹಚ್ಚೋಕೆ ಶುರು ಮಾಡಿದ್ರೆ ಬಿಡೋ ಹಾಗಿಲ್ಲ ಅಂತಾರೆ. ಹಾಗಾದ್ರೆ ಟ್ರಾನ್ಸ್‌ಪ್ಲಾಂಟ್ ಮಾಡಿಸಿ ಒಂದೇ ಸಲಕ್ಕೆ ಮುಗಿಸಿಬಿಡೋದೇ ವಾಸಿನಾ? ಅನುಭವ ಇರೋರು ದಯವಿಟ್ಟು ಹೇಳಿ.

ಮಲ್ನಾಡ್_ಗಿರಿ

ತಮ್ಮಾ, ಮೊದಲು ಆ ಅಡ್ವಾನ್ಸ್ ಕಟ್ಟದೇ ಎದ್ದು ಬಂದ್ಯಲ್ಲ, ಒಳ್ಳೇ ಕೆಲಸ ಮಾಡಿದೆ. ನಂಗೆ 39, ನಿನ್ನ ವಯಸ್ಸಲ್ಲೇ ನಂಗೂ ಶುರುವಾಗಿದ್ದು, ಡಾಕ್ಟರ್ ಹೇಳಿದ ಹಾಗೆ ಮಾತ್ರೆ ತಗೊಂಡು ಮಿನಾಕ್ಸಿಡಿಲ್ ಹಚ್ಕೊಂಡು ಇರೋದನ್ನ ಉಳಿಸ್ಕೊಂಡಿದೀನಿ, ಹಾಗಾಗಿ ಗೊತ್ತಿರೋದು ಬರೀತೀನಿ.

ನೀನು ಬರೆದಿದ್ರಲ್ಲಿ ಎರಡು ಬೇರೆ ಬೇರೆ ವಿಷಯ ಸೇರ್ಕೊಂಡಿವೆ ಅನ್ಸತ್ತೆ. ಹಣೆ ಎರಡು ಪಕ್ಕ ಒಳಗೆ ಹೋಗೋದು, ನೆತ್ತಿ ತೆಳ್ಳಗಾಗೋದು, ಇದು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯೋ ಕೆಲಸ, ಇದಕ್ಕೆ ಜಾಲರಿ ಕಟ್ಕೊಳ್ಳೋಷ್ಟು ಉದುರಬೇಕಾಗಿಲ್ಲ. ಟೆಸ್ಟೋಸ್ಟಿರೋನ್‌ನಿಂದ ಡಿಎಚ್‌ಟಿ ಅಂತ ಹಾರ್ಮೋನ್ ಆಗತ್ತೆ, ಅದಕ್ಕೆ ಸೂಕ್ಷ್ಮ ಇರೋ ಬೇರುಗಳು ಪ್ರತಿ ಸಲ ಹುಟ್ಟೋವಾಗ್ಲೂ ಇನ್ನಷ್ಟು ಸಣ್ಣ ಎಳೆ ಬಿಡ್ತಾ ಹೋಗ್ತವೆ, ಕೊನೆಗೆ ಹತ್ತಿ ಥರ ನವಿರು ಉಳಿಯತ್ತೆ. ಆದ್ರೆ ಇದ್ದಕ್ಕಿದ್ದ ಹಾಗೆ ಮುಷ್ಟಿಗಟ್ಟಲೆ ಉದುರೋದು ಬೇರೆ, ಡೆಂಗ್ಯೂ, ಟೈಫಾಯ್ಡ್, ಕೋವಿಡ್, ಆಪರೇಷನ್, ಗಡಿಬಿಡಿ ಡಯಟ್ ಇಂಥದ್ದು ಆಗಿ ಎರಡು ಮೂರು ತಿಂಗಳಿಗೆ ಅದು ಶುರುವಾಗತ್ತೆ, ಅದಕ್ಕೆ ಟೆಲೋಜೆನ್ ಎಫ್ಲೂವಿಯಮ್ ಅಂತಾರೆ, ಸಾಮಾನ್ಯವಾಗಿ ಆರು ತಿಂಗಳ ಒಳಗೆ ತಾನಾಗೇ ನಿಲ್ಲತ್ತೆ. ನಿಂಗೆ ಇತ್ತೀಚೆಗೆ ಜ್ವರ ಏನಾದ್ರೂ ಬಂದಿತ್ತಾ? ಹೌದು ಅಂದ್ರೆ ಈಗ ಗ್ರಾಫ್ಟ್ ಲೆಕ್ಕ ಹಾಕೋದೇ ತಪ್ಪು, ಯಾಕಂದ್ರೆ ಅದ್ರಲ್ಲಿ ಒಂದಷ್ಟು ವಾಪಸ್ ಬರೋ ಕೂದಲು.

ನೀರಿನ ವಿಷ್ಯ, ಅಮ್ಮಂಗೆ ಬೇಜಾರಾಗದ ಹಾಗೆ ಹೇಳು. ಗಡಸು ನೀರಿಂದ ಕೂದಲು ಒರಟಾಗತ್ತೆ, ಮಧ್ಯದಲ್ಲಿ ತುಂಡಾಗತ್ತೆ, ಆದ್ರೆ ಅದು ತಲೆಗೆಲ್ಲ ಒಂದೇ ಥರ ಆಗ್ಬೇಕಲ್ಲ, ಹಣೆ ಮತ್ತೆ ನೆತ್ತಿ ಮಾತ್ರ ಹುಡುಕ್ಕೊಂಡು ಹೋಗಲ್ಲ. ಒಂದೇ ಟ್ಯಾಂಕರ್ ನೀರಲ್ಲಿ ಸ್ನಾನ ಮಾಡೋ ನಿನ್ನ ಪಿಜಿಯವ್ರಿಗೆಲ್ಲ ಹೀಗಾಗಿದ್ಯಾ ನೋಡು. ತಾತನ ಮಾತೂ ಅಷ್ಟೇ, ಅಮ್ಮನ ಕಡೆಯಿಂದ ಬರೋ ಒಂದು ಜೀನ್ ದೊಡ್ಡದು ನಿಜ, ಆದ್ರೆ ಇದ್ರಲ್ಲಿ ತುಂಬಾ ಜೀನ್‌ಗಳಿವೆ, ಅಪ್ಪನ ಕಡೆಯಿಂದಾನೂ ಬರತ್ತೆ.

ಎಣ್ಣೆ ಹಚ್ಕೋ, ಬೇಡ ಅನ್ನಲ್ಲ, ಅಮ್ಮ ಕಾಯಿಸಿದ್ದು ಕೂದಲು ನುಣುಪಾಗಿ ಇಡತ್ತೆ. ಹಕ್ಕಿಪಿಕ್ಕಿಯವ್ರ ಹೆಸರಲ್ಲಿ ಆನ್‌ಲೈನಲ್ಲಿ ಯಾರ್ಯಾರೋ ಮಾರ್ತಿದಾರೆ, ಅದು ನೋಡಿ ತಗೋ. ಆದ್ರೆ ಯಾವ ಎಣ್ಣೇನೂ ಡಿಎಚ್‌ಟಿ ತಡೆದು ಗಂಡಸರ ಬೋಳು ನಿಲ್ಲಿಸತ್ತೆ ಅಂತ ಗಟ್ಟಿ ಪುರಾವೆ ಇಲ್ಲ, ಎಣ್ಣೆ ನಂಬ್ಕೊಂಡು ವರ್ಷ ಕಳೆದ್ರೆ ಆ ವರ್ಷದಲ್ಲಿ ಸತ್ತ ಬೇರು ವಾಪಸ್ ಬರಲ್ಲ. ನಂಗೆ ಇದೊಂದೇ ಸಂಕಟ, ಹುಡುಗ್ರು ಉಳಿಸ್ಕೊಳ್ಳೋ ಟೈಮಲ್ಲಿ ಎಣ್ಣೆ ಹಚ್ತಾರೆ, ಎಲ್ಲ ಹೋದ್ಮೇಲೆ ಮಾತ್ರೆ ಕೇಳ್ತಾರೆ.

ಹೇರ್ ಕ್ಲಿನಿಕ್ ಬಿಡು, ಚರ್ಮರೋಗ ಡಾಕ್ಟರ್ ಹತ್ರ ಹೋಗು, ಎಂಡಿ ಡರ್ಮಟಾಲಜಿ ಇರೋರು. ಬೆಂಗಳೂರಲ್ಲಿ ಬೌರಿಂಗ್, ವಿಕ್ಟೋರಿಯಾ ಎರಡರಲ್ಲೂ ಸ್ಕಿನ್ ಓಪಿಡಿ ಇದೆ, ಕ್ಯೂ ಇರತ್ತೆ ಆದ್ರೆ ನಿಂಗೆ ಅಲ್ಲಿ ಯಾರೂ ಪ್ಯಾಕೇಜ್ ಮಾರಲ್ಲ.

ಹುಬ್ಬಳ್ಳಿ_ಫಾರ್ಮಸಿ

ನಂದು ಮೆಡಿಕಲ್ ಶಾಪ್ ಅದರೀ, ದಿನಾ ಇದನ್ನ ಕೇಳ್ಕೋತ ಹುಡುಗ್ರು ಬರ್ತಾರ. ಗಿರಿಯವರು ಹೇಳಿದ್ದು ಬರೋಬ್ಬರಿ ಅದ, ನಾ ಔಷಧದ ಬಗ್ಗೆ ಅಷ್ಟ ಹೇಳ್ತೀನಿ, ಆದ್ರ ಚೀಟಿ ಬರ್ಯಾವ್ರು ಡಾಕ್ಟ್ರ, ನಾ ಅಲ್ಲ.

ಫಿನಾಸ್ಟರೈಡ್ ಮೊದಲ ಪ್ರಾಸ್ಟೇಟ್ ಗ್ರಂಥಿ ದಪ್ಪಾಗೋದಕ್ಕ ಬಂದಿದ್ದು, 5 ಎಂಜಿ, 1992ರಾಗ. ಕೂದಲಿಗೆ 1 ಎಂಜಿ ಅಮೆರಿಕಾದಾಗ 1997ರಾಗ ಒಪ್ಪಿಗಿ ಸಿಕ್ತು. ರಕ್ತದಾಗಿನ ಡಿಎಚ್‌ಟಿ ಸುಮಾರು 70% ಇಳಸ್ತದ. ಎರಡು ವರ್ಷದ ಟ್ರಯಲ್‌ನಾಗ ತಗೊಂಡವರ ಪೈಕಿ 83% ಮಂದಿಗೆ ನೆತ್ತಿ ಕೂದಲ ಎಣಿಕಿ ಕಡಿಮಿ ಆಗ್ಲಿಲ್ಲ, ಔಷಧ ಇಲ್ಲದ ಖಾಲಿ ಮಾತ್ರಿ ತಗೊಂಡವರಾಗ ಅದು 28% ಇತ್ತು. ಆ ಗಂಡಸ್ತನದ ಮಾತಂದ್ರ, ಆಸೆ ಕಡಿಮಿ ಆಗೋದು, ನಿಮಿರುವಿಕೆ ತೊಂದ್ರಿ, ವೀರ್ಯ ಕಡಿಮಿ ಆಗೋದು ಇವೆಲ್ಲಾ ಸೇರಿ ಔಷಧ ತಗೊಂಡವರಾಗ 3.8% ಮಂದಿ ಹೇಳಿದ್ರು, ಖಾಲಿ ಮಾತ್ರಿ ತಗೊಂಡವರಾಗೂ 2.1% ಮಂದಿ ಹೇಳಿದ್ರು. ಅಂದ್ರ ಇಲ್ಲೇ ಇಲ್ಲ ಅನ್ನೋದೂ ಸುಳ್ಳು, ಎಲ್ಲಾರಿಗೂ ಆಗ್ತದ ಅನ್ನೋದೂ ಸುಳ್ಳು. ಹೆಚ್ಚಿನ ಮಂದಿಗೆ ಬಿಟ್ಟ ಮ್ಯಾಲೆ ಸರಿ ಹೋಗ್ತದ, ಬಿಟ್ಟ ಮ್ಯಾಲೂ ಉಳದದ ಅಂತ ಹೇಳಿದವ್ರೂ ಇದ್ದಾರ, ಅವರ ಮಾತು ತಳ್ಳಿ ಹಾಕಬ್ಯಾಡ್ರಿ. ಇನ್ನೊಂದು, 2025ರಾಗ ಯುರೋಪಿನ ಔಷಧ ಸಂಸ್ಥೆ ಈ ಮಾತ್ರಿಯಿಂದ ಆತ್ಮಹತ್ಯೆ ವಿಚಾರ ಬರೂದು ಒಂದು ಅಡ್ಡ ಪರಿಣಾಮ ಅಂತ ಖಚಿತ ಮಾಡಿ ಎಚ್ಚರಿಕಿ ಕೊಟ್ಟದ. ನೀವು ನಿದ್ದಿ ಬರವಲ್ದು ಅಂತ ಬರ್ದೀರಿ ನೋಡ್ರಿ, ಅದನ್ನ ಡಾಕ್ಟ್ರ ಮುಂದ ಹೇಳಲೇಬೇಕು, ಹಿಂದ ಡಿಪ್ರೆಶನ್ ಆಗಿದ್ರ ಅದೂ ಹೇಳ್ರಿ. ನಾಚ್ಕೋಬ್ಯಾಡ್ರಿ.

ರಕ್ತದಾನ ಮಾಡೋ ರೂಢಿ ಇದ್ರ ಈ ಮಾತ್ರಿ ಬಿಟ್ಟು ಒಂದು ತಿಂಗಳಾದ ಮ್ಯಾಲೇ ಕೊಡಬೇಕು, ಯಾಕಂದ್ರ ಆ ರಕ್ತ ಬಸುರಿಗೆ ಹೋದ್ರ ಹೊಟ್ಟ್ಯಾಗಿನ ಗಂಡು ಕೂಸಿಗೆ ತೊಂದ್ರಿ ಆಗಬಹುದು. ಅದಕ್ಕ ಮನ್ಯಾಗ ಬಸುರಿ ಇದ್ರ ಒಡದ ಮಾತ್ರಿ ಅವರು ಮುಟ್ಟಬಾರದು. ರೊಕ್ಕ ಉಳೀತದ ಅಂತ 5 ಎಂಜಿ ತಂದು ನಾಕು ತುಂಡು ಮಾಡಿ ನುಂಗೋರು ಭಾಳ ಮಂದಿ ಇದ್ದಾರ, ಪುಡಿ ಮನಿ ತುಂಬ ಬೀಳ್ತದ, ಇದು ನೆನಪಿರ್ಲಿ.

ಮಿನಾಕ್ಸಿಡಿಲ್ ಬಿ.ಪಿ. ಔಷಧ ಇತ್ತು, ಮೈ ತುಂಬ ಕೂದಲು ಬರಾಕತ್ತಿದ್ದು ನೋಡಿ ತಲಿಗೆ ಹಚ್ಚಾಕ ತಂದ್ರು. 5% ಇರೋದು, ಒಂದು ಸಲಕ್ಕ 1 ಎಂಎಲ್, ದಿನಕ್ಕ ಎರಡು ಸಲ, ಒಣಗಿದ ತಲಿಗೆ, ಕೂದಲಿಗಲ್ಲ ಚರ್ಮಕ್ಕ. ಶುರು ಮಾಡಿದ ಮ್ಯಾಲೆ ಮೊದಲ ಒಂದೆರಡು ತಿಂಗಳು ಉದುರೋದು ಇನ್ನೂ ಹೆಚ್ಚಾಗಬಹುದು, ಅಲ್ಲೇ ಹೆದರಿ ಬಿಟ್ಟವರೇ ಭಾಳ. ನಾಕರಿಂದ ಆರು ತಿಂಗಳು ನೋಡದ ಏನೂ ಹೇಳಾಕ ಬರೂದಿಲ್ಲ. ಬಿಟ್ರ ಅದರಿಂದ ಬಂದದ್ದು ಕೆಲವು ತಿಂಗಳದಾಗ ಹೋಗ್ತದ, ಮೊದಲಿದ್ದದ್ದಕ್ಕಿಂತ ಕೆಟ್ಟ ಆಗ್ತದ ಅನ್ನೋದು ಸುಳ್ಳು, ಔಷಧ ಇಲ್ಲದಿದ್ರ ಎಲ್ಲಿರ್ತಿತ್ತೋ ಅಲ್ಲಿಗೆ ಬರ್ತದ ಅಷ್ಟ. ದ್ರಾವಣದಿಂದ ತುರಿಕಿ ಆದ್ರ ಫೋಮ್ ಕೇಳ್ರಿ.

ಬಯೋಟಿನ್, ಕೊರತಿ ಇದ್ದವರಿಗಷ್ಟ ಉಪಯೋಗ, ಆ ಕೊರತಿ ಅಪರೂಪ. ಮ್ಯಾಲ ಥೈರಾಯ್ಡ್ ಟೆಸ್ಟಿನ ರಿಪೋರ್ಟ್ ತಪ್ಪು ಬರೂ ಹಂಗ ಮಾಡ್ತದ, ರಕ್ತ ಕೊಡೂ ಮೊದಲ ಡಾಕ್ಟ್ರಿಗೆ ಹೇಳಿ ನಿಲ್ಲಸ್ರಿ.

ನಾಟಿ_ಆಯ್ತು

ನಾನು 36ರಲ್ಲಿ ಎಫ್‌ಯುಇ (ಬೇರು ಒಂದೊಂದಾಗಿ ಕಿತ್ತು ನಾಟೋ ಟ್ರಾನ್ಸ್‌ಪ್ಲಾಂಟ್) ಮಾಡಿಸಿದೆ, ಖುಷಿಯಾಗಿದೀನಿ, ಆದ್ರೂ 27ಕ್ಕೆ ಮೊದಲನೇ ಹೆಜ್ಜೆ ಅದೇ ಅಂದ್ರೆ ಬೇಡ ಅಂತೀನಿ.

"ಒಂದೇ ಸಲಕ್ಕೆ ಮುಗಿಸೋದು" ಅನ್ನೋದು ಇದ್ರಲ್ಲಿ ಇಲ್ಲ ಬ್ರೋ. ತಲೆ ಹಿಂದಿನ ಕೂದಲು ಸಸಿ ಮಡಿ ಇದ್ದ ಹಾಗೆ, ಅಲ್ಲಿಂದ ಕಿತ್ತು ಮುಂದೆ ನಾಟಿ ಮಾಡ್ತಾರೆ, ಮಡೀಲಿ ಖಾಲಿಯಾದ್ರೆ ಅಲ್ಲಿ ಮತ್ತೆ ಹುಟ್ಟಲ್ಲ. ನಾಟಿ ಮಾಡಿದ ಕೂದಲು ಡಿಎಚ್‌ಟಿಗೆ ಬಗ್ಗಲ್ಲ ನಿಲ್ಲತ್ತೆ, ಆದ್ರೆ ಅದ್ರ ಪಕ್ಕದ ನಿನ್ನ ಹಳೇ ಕೂದಲು ಉದುರ್ತಾನೇ ಹೋಗತ್ತೆ, ಆಮೇಲೆ ಮುಂದೆ ಒಂದು ಸಾಲು ಹಿಂದೆ ಬಯಲು ಅಂತ ಆಗತ್ತೆ, ಅದಕ್ಕೇ ಡಾಕ್ಟರ್‌ಗಳು ಆಪರೇಷನ್ ಆದ್ಮೇಲೂ ಮಾತ್ರೆ ಮುಂದುವರೆಸಿ ಅಂತಾರೆ. ನಿಮ್ಮಪ್ಪಂಗೆ 35ಕ್ಕೇ ಪೂರ್ತಿ ಹೋಗಿದೆ ಅಂದ್ರೆ ನಿಂದು ಎಲ್ಲಿಗೆ ಹೋಗಿ ನಿಲ್ಲತ್ತೆ ಅಂತ ಈಗ ಯಾರಿಗೂ ಗೊತ್ತಿಲ್ಲ, 2500 ಗ್ರಾಫ್ಟ್ ಈಗ್ಲೇ ಹಣೆಗೆ ಖರ್ಚು ಮಾಡಿದ್ರೆ 40ಕ್ಕೆ ನೆತ್ತಿಗೆ ಎಲ್ಲಿಂದ ತರ್ತೀಯಾ.

ಮದುವೆ ಲೆಕ್ಕ ಹಾಕಿದ್ರೂ ಕೂಡಲ್ಲ. ಹಾಕಿದ ಕೂದಲು ಕೆಲವೇ ವಾರಕ್ಕೆ ಉದುರತ್ತೆ, ಮೂರು ನಾಕು ತಿಂಗಳಿಗೆ ಮೊಳಕೆ ಕಾಣತ್ತೆ, ಪೂರ್ತಿ ನೋಡೋಕೆ ಒಂದು ವರ್ಷ ಬೇಕು. ನಂಗೆ ಆ ಮಧ್ಯದ ತಿಂಗಳುಗಳಲ್ಲಿ ಕೆಂಪು ತಲೆ ಮೇಲೆ ಕ್ಯಾಪ್ ಹಾಕ್ಕೊಂಡೇ ಓಡಾಟ. ಇದನ್ನ ಕೌನ್ಸೆಲರ್ ಹೇಳಿದ್ರಾ?

ಯಾರು ಮಾಡ್ತಾರೆ ಅನ್ನೋದು ಎಲ್ಲಕ್ಕಿಂತ ಮುಖ್ಯ. 2022ರಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ, ವರ್ಕ್‌ಶಾಪ್ ನೋಡಿ ಯೂಟ್ಯೂಬ್ ನೋಡಿ ಕಲಿತವ್ರು ಮಾಡೋ ಹಾಗಿಲ್ಲ, ಸರ್ಜರಿ ತರಬೇತಿ ಇರೋ ಡಾಕ್ಟರೇ ಮಾಡ್ಬೇಕು. ನಮ್ಮ ದೇಶದಲ್ಲಿ ಇದ್ರಿಂದ ಜೀವ ಹೋಗಿರೋ ಕೇಸ್‌ಗಳಿವೆ, ಸೆಪ್ಸಿಸ್ ಆಗಿ, ಅಂದ್ರೆ ಸೋಂಕು ಮೈಯೆಲ್ಲ ಏರಿ. ಅರಿವಳಿಕೆ ಯಾರು ಕೊಡ್ತಾರೆ, ತೂತು ಯಾರು ಮಾಡ್ತಾರೆ, ಎಮರ್ಜೆನ್ಸಿಗೆ ಏನಿದೆ ಅಂತ ನೇರ ಕೇಳು, ಉತ್ತರ ಕೊಡೋಕೆ ತಡವರಿಸಿದ್ರೆ ಬಾಗಿಲು ಎಲ್ಲಿದೆ ನೋಡ್ಕೋ.

ಪಿಆರ್‌ಪಿ ಕೂಡ ಇಷ್ಟೇ, ನಿನ್ನ ರಕ್ತನೇ ತೆಗೆದು ತಿರುಗಿಸಿ ಪ್ಲೇಟ್‌ಲೆಟ್ ಭಾಗ ತಲೆಗೆ ಇಂಜೆಕ್ಷನ್ ಕೊಡ್ತಾರೆ, ಕೆಲವ್ರಿಗೆ ಸ್ವಲ್ಪ ಕೆಲಸ ಮಾಡತ್ತೆ, ಒಂದೊಂದು ಕಡೆ ಒಂದೊಂದು ಥರ ಮಾಡೋದ್ರಿಂದ ಭರವಸೆ ಇಟ್ಟು ಹೇಳೋಕಾಗಲ್ಲ. ಮಾತ್ರೆ, ಮಿನಾಕ್ಸಿಡಿಲ್ ಬಿಟ್ಟು ಇದೊಂದನ್ನೇ ನಂಬೋಕೆ ಹೋಗ್ಬೇಡ.

ಬೋಳ_ಮಂಡ್ಯ

ಎಲ್ರೂ ಔಷಧಿ ಹೇಳಿದ್ರು, ನಾನು ಬೇರೆ ಹೇಳ್ತೀನಿ. ನಾನು ಏನೂ ತಗೊಳ್ಲಿಲ್ಲ, 30ಕ್ಕೆ ಮಿಷಿನ್ ಹಾಕಿ ನುಣ್ಣಗೆ ಬೋಳಿಸ್ಬಿಟ್ಟೆ, ಗಡ್ಡ ಬಿಟ್ಟೆ. ಜೀವನ ಪೂರ್ತಿ ದಿನಾ ಎರಡು ಸಲ ಹಚ್ಚೋದು ನಂಗೆ ಆಗದ ಮಾತು ಅಂತ ಮೊದ್ಲೇ ಗೊತ್ತಿತ್ತು ಕಣಪ್ಪ. ಇದು ಕಾಯಿಲೆ ಅಲ್ಲ, ಟ್ರೀಟ್‌ಮೆಂಟ್ ತಗೊಳ್ದೇ ಇದ್ರೆ ದೇಹಕ್ಕೆ ಏನೂ ಆಗಲ್ಲ, ಅದೂ ಒಂದು ಆಯ್ಕೆ ಅಂತ ತಲೇಲಿರ್ಲಿ.

ಸಂಬಂಧದ ವಿಷ್ಯ. ಹಳೇ ಫೋಟೋ, ಫಿಲ್ಟರ್ ಹಾಕಿದ ಫೋಟೋ ಕಳಿಸ್ಬೇಡಿ. ಈಗ ಹೆಂಗಿದೀರೋ ಹಂಗೇ ಇರೋ ಫೋಟೋ ಕಳಿಸಿ, ಅದು ನೋಡಿ ಒಪ್ಪಿ ಬರೋರ ಮುಂದೆ ಕೂತಾಗ ತಲೆ ಮುಟ್ಕೊಳ್ಳೋ ಕೆಲಸ ಇರಲ್ಲ. ನಮ್ಮನೆಯವ್ರು ನನ್ನ ನೋಡಿದ್ದೇ ಬೋಳು ತಲೇಲಿ. ಬೇಡ ಅಂದವ್ರ ಮಾತು ಅಮ್ಮ ನಿಮಗೆ ಹೇಳ್ದೇ ಇದ್ರೆ ಚೆನ್ನಾಗಿತ್ತು, ಅವ್ರಿಗೂ ನಿಮ್ಮ ಚಿಂತೆನೇ, ಒಂದ್ಸಲ ಕೂತು ಮಾತಾಡಿ.

ದಾವಣಗೆರೆ_ಹುಡ್ಗ

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ಉದ್ದ ಬರೀತೀರ ಅಂದ್ಕೊಂಡಿರ್ಲಿಲ್ಲ. ಗಿರಿ ಅಣ್ಣ, ನೀವು ಕೇಳಿದ್ದು ಸರಿಯಾಗಿತ್ತು, ಮಳೆಗಾಲದಲ್ಲಿ ಡೆಂಗ್ಯೂ ಬಂದು ಅಡ್ಮಿಟ್ ಆಗಿದ್ದೆ, ಅದಕ್ಕೂ ಕೂದಲಿಗೂ ಸಂಬಂಧ ಇರತ್ತೆ ಅಂತ ಯಾರೂ ಹೇಳಿರ್ಲಿಲ್ಲ.

ಆಫೀಸಿಗೆ ರಜೆ ಹಾಕಿ ಬೌರಿಂಗ್ ಸ್ಕಿನ್ ಓಪಿಡಿಗೆ ಹೋಗಿ ಬಂದೆ. ಡಾಕ್ಟರ್ ಒಂದು ಚಿಕ್ಕ ಮೆಷಿನ್ ತಲೆಗೆ ಇಟ್ಟು ನೋಡಿ, ನೆತ್ತಿ ಮೇಲೆ ದಪ್ಪ ಕೂದಲು ಸಣ್ಣ ಕೂದಲು ಮಿಶ್ರ ಇದೆ ಇದು ವಂಶದ್ದೇ, ಈಗ ಜಾಸ್ತಿ ಉದುರ್ತಿರೋದು ಜ್ವರದ್ದು ಅಂದ್ರು. ಫೆರಿಟಿನ್ (ಮೈಯಲ್ಲಿರೋ ಕಬ್ಬಿಣದ ದಾಸ್ತಾನು), ವಿಟಮಿನ್ ಡಿ, ಬಿ12, ಟಿಎಸ್‌ಎಚ್ (ಥೈರಾಯ್ಡ್) ಟೆಸ್ಟ್ ಬರೆದುಕೊಟ್ರು. ಮಿನಾಕ್ಸಿಡಿಲ್ ಈಗ ಶುರು ಮಾಡು, ತಿಂಗಳಿಗೊಂದು ಸಲ ಒಂದೇ ಜಾಗದಲ್ಲಿ ಒಂದೇ ಲೈಟಲ್ಲಿ ಫೋಟೋ ತೆಗೆದಿಡು, ಮಾತ್ರೆ ವಿಷ್ಯ ನಿದ್ದೆ ಸರಿಹೋದ್ಮೇಲೆ ಮುಂದಿನ ಸಲ ಕೂತು ನಿರ್ಧಾರ ಮಾಡೋಣ ಅಂದ್ರು. ಟ್ರಾನ್ಸ್‌ಪ್ಲಾಂಟ್ ಕೇಳಿದ್ದಕ್ಕೆ ಈಗ ಆ ಮಾತೇ ಬೇಡ ಅಂದ್ರು. ಅಮ್ಮಂಗೂ ಹೇಳಿದೆ, ಎಣ್ಣೆ ಭಾನುವಾರ ಹಚ್ಕೋ ಅಂತ ಒಪ್ಕೊಂಡ್ರು.

ಒಂದೇ ಡೌಟು, ಪಿಜಿ ಓನರ್ ಆಂಟಿದು ಒಂದು ಬೆಕ್ಕಿದೆ, ರಾತ್ರಿ ನನ್ನ ದಿಂಬಿನ ಮೇಲೇ ಬಂದು ಮಲಗತ್ತೆ. ಮಿನಾಕ್ಸಿಡಿಲ್ ಬಾಟಲಿ ಜೊತೆ ಬಂದ ಚೀಟೀಲಿ ಇದ್ರ ಬಗ್ಗೆ ಏನೂ ಕಾಣ್ಲಿಲ್ಲ, ತೊಂದ್ರೆ ಇದ್ಯಾ?

ಹುಬ್ಬಳ್ಳಿ_ಫಾರ್ಮಸಿ

ಕೇಳಿದ್ದು ಭಾಳ ಚಲೋ ಆತ್ರೀ. ಬೆಕ್ಕಿಗೆ ಮಿನಾಕ್ಸಿಡಿಲ್ ವಿಷ, ಒಂದೆರಡು ಹನಿ ನೆಕ್ಕಿದ್ರೂ ಜೀವಕ್ಕ ಅಪಾಯ ಅದ. ದಿಂಬಿಗೆ ಹತ್ತಿದ್ದು ಅದರ ಮೈಗೆ ಹತ್ತಿ, ಅದು ಮೈ ನೆಕ್ಕೊಂಡ್ರೂ ಸಾಕು. ರೂಮಿನೊಳಗ ಬಿಟ್ಕೋಬ್ಯಾಡ್ರಿ, ಹಚ್ಚಿದ ಮ್ಯಾಲೆ ಕೈ ಸೋಪ್ ಹಚ್ಚಿ ತೊಳೀರಿ, ಮಲಗೂ ಎರಡು ತಾಸು ಮೊದಲ ಹಚ್ಚಿ ಪೂರ್ತಿ ಒಣಗಿಸ್ರಿ, ದಿಂಬಿನ ಕವರ್ ಆಗಾಗ ಒಗೀರಿ, ಬಾಟಲಿ ಕಪಾಟಿನ್ಯಾಗ ಇಡ್ರಿ. ಆಂಟಿಗೂ ಇವತ್ತ ಹೇಳ್ರಿ, ಬೆಕ್ಕು ಸುಸ್ತಾಗಿ ಬಿದ್ರ ಅಥವಾ ಉಸಿರಾಡಾಕ ತ್ರಾಸ ಪಟ್ರ ಕಾಯಬ್ಯಾಡ್ರಿ, ಸೀದಾ ಪಶು ಆಸ್ಪತ್ರಿಗೆ ಒಯ್ದು ಮಿನಾಕ್ಸಿಡಿಲ್ ಅಂತ ಹೆಸರು ಹಿಡಿದೇ ಹೇಳ್ರಿ. ನಿಮಗೂ ಹಚ್ಚಿದ ಮ್ಯಾಲೆ ಎದಿ ಬಡಿತ ಜೋರಾಗೋದು, ತಲಿ ತಿರಗೋದು, ಕಾಲು ಬಾಯೋದು ಕಂಡ್ರ ನಿಲ್ಲಿಸಿ ಡಾಕ್ಟ್ರಿಗೆ ತೋರಸ್ರಿ. ಫೆರಿಟಿನ್ ರಿಪೋರ್ಟ್ ಬಂದ ಮ್ಯಾಲೆ ಇಲ್ಲಿ ಬರೀರಿ.